144 ಹರ್ಟ್ಸ್ ಮಾನಿಟರ್ 60ರಲ್ಲೇ ನಿಂತಿತ್ತು: ಸರಿಹೋದ ಬಗೆ

1440ಪಿ ರೆಸಲ್ಯೂಷನ್‌ನ, 144 ಹರ್ಟ್ಸ್ (ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸುವ) ಮಾನಿಟರ್ ಜೋಡಿಸಿದರೂ ಚಲನೆ 60 ಹರ್ಟ್ಸ್‌ನಂತೆಯೇ ಇತ್ತು. ತಪ್ಪು ಪ್ಯಾನೆಲ್‌ನದಲ್ಲ, ಬಳಸಿದ್ದ ಎಚ್‌ಡಿಎಂಐ 1.4 ಸಂಪರ್ಕದ್ದು, ಅದು ಈ ರೆಸಲ್ಯೂಷನ್‌ನಲ್ಲಿ ಸುಮಾರು 75 ಹರ್ಟ್ಸ್ ದಾಟುವುದಿಲ್ಲ. ಡಿಸ್‌ಪ್ಲೇಪೋರ್ಟ್ 1.2 ಕೇಬಲನ್ನು ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿದೆ, ಮದರ್‌ಬೋರ್ಡಿನ ಪೋರ್ಟಿಗಲ್ಲ. ಆಮೇಲೂ ವಿಂಡೋಸ್ 60ರಲ್ಲೇ ಇತ್ತು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ 144 ಆರಿಸಬೇಕು. ಇದನ್ನೇ ಬಹಳ ಜನ ಮರೆಯುತ್ತಾರೆ.

ಇನ್ನು ಓವರ್‌ಡ್ರೈವ್, ಅಂದರೆ ಪಿಕ್ಸೆಲ್ ಬೇಗ ಬಣ್ಣ ಬದಲಿಸುವಂತೆ ಮಾಡುವ ಮಾನಿಟರಿನ ಸೆಟ್ಟಿಂಗ್. 144 ಹರ್ಟ್ಸ್‌ನಲ್ಲಿ ಒಂದು ಫ್ರೇಮಿಗೆ ಸಿಗುವುದು 6.94 ಮಿಲಿಸೆಕೆಂಡು ಮಾತ್ರ. ಅಷ್ಟರೊಳಗೆ ಪಿಕ್ಸೆಲ್ ಬಣ್ಣ ಬದಲಿಸದಿದ್ದರೆ ಚಲಿಸುವ ವಸ್ತುವಿನ ಹಿಂದೆ ಮಸುಕು ನೆರಳು ಎಳೆಯುತ್ತದೆ. ಹಾಗಂತ ಓವರ್‌ಡ್ರೈವನ್ನು ಗರಿಷ್ಠಕ್ಕೆ ಏರಿಸಿದರೆ ಪಿಕ್ಸೆಲ್ ತಲುಪಬೇಕಾದ ಬಣ್ಣವನ್ನೇ ದಾಟಿಹೋಗಿ ಬೆಳ್ಳನೆಯ ಅಂಚು ಮೂಡುತ್ತದೆ. ಮಧ್ಯದ ಹಂತ ಸರಿಹೋಯಿತು. ಅಡಾಪ್ಟಿವ್ ಸಿಂಕ್ (ಗ್ರಾಫಿಕ್ಸ್ ಕಾರ್ಡ್ ಕೊಡುವ ಫ್ರೇಮಿಗೆ ತಕ್ಕಂತೆ ಮಾನಿಟರಿನ ಹರ್ಟ್ಸ್ ಬದಲಾಗುವ ವ್ಯವಸ್ಥೆ) ಬಳಸುವವರು ಸೆಕೆಂಡಿಗೆ 60 ಫ್ರೇಮಿನ ಆಸುಪಾಸಿನಲ್ಲೂ ಪರೀಕ್ಷಿಸಿ. 144ಕ್ಕೆ ಹೊಂದಿದ ಓವರ್‌ಡ್ರೈವ್ ಅಲ್ಲಿ ಅತಿಯಾಗಬಹುದು.