ಗ್ರೂಪ್ ವರ್ಕ್ ಬೇಡ ಮೇಡಂ ಅಂದವರಿಗೆ ನಾನು ಕೊಟ್ಟ ಉತ್ತರ

ನಾನು ಹಾಸನದಿಂದ ಎಂ.ಕಾಂ. ವಿದ್ಯಾರ್ಥಿಗಳಿಗೆ ಆನ್‌ಲೈನ್‌ನಲ್ಲಿ ಕೃಷಿ ಮಾರುಕಟ್ಟೆ ಪೇಪರ್ ಪಾಠ ಮಾಡುತ್ತೇನೆ. ನಾಲ್ಕು ಜನಕ್ಕೆ ಒಂದು ಗ್ರೂಪ್, ಗ್ರೂಪಿಗೆ ಒಂದು ಪ್ರಾಜೆಕ್ಟ್. ಒಂದು ಗ್ರೂಪಿಗೆ ಹಾಸನದ ಆಲೂಗಡ್ಡೆ, ಇನ್ನೊಂದಕ್ಕೆ ಸಕಲೇಶಪುರದ ಕಾಫಿ, ಮತ್ತೊಂದಕ್ಕೆ ಅರಸೀಕೆರೆಯ ಕೊಬ್ಬರಿ. ಓದುವವರಲ್ಲಿ ತುಂಬಾ ಜನ ಕೆಲಸಕ್ಕೂ ಹೋಗುವವರು.

ಫೀಡ್‌ಬ್ಯಾಕ್ ಅಂದರೆ ಸಾಮಾನ್ಯವಾಗಿ ಸೆಮಿಸ್ಟರ್ ಮುಗಿದ ಮೇಲೆ, ಕಾಲೇಜುಗಳ ಗುಣಮಟ್ಟ ನೋಡುವ ನ್ಯಾಕ್ ಸಂಸ್ಥೆಗೆ ತೋರಿಸುವ ಫೈಲಿಗೆ ಸೇರುವ ಕಾಗದ. ಅದರಿಂದ ಅನುಕೂಲ ಆದರೆ ಜೂನಿಯರ್‌ಗಳಿಗೆ, ಬರೆದವರಿಗೆ ಏನೂ ಇಲ್ಲ. ಹಾಗಾಗಿ ಮೊದಲ ಗ್ರೂಪ್ ಕೆಲಸ ಮುಗಿದ ಕೂಡಲೇ ಕೇಳುತ್ತೇನೆ. ಗೂಗಲ್ ಫಾರ್ಮ್‌ನಲ್ಲಿ ಮೂರೇ ಪ್ರಶ್ನೆ: ಏನು ಹಾಗೇ ಇರಲಿ, ಏನು ಬದಲಾಗಬೇಕು, ನಿಮ್ಮ ಗ್ರೂಪಿನ ಕೆಲಸ ಎಲ್ಲಿ ನಿಂತುಹೋಯಿತು? ಇಮೇಲ್ ಕೇಳುವ ಸೆಟ್ಟಿಂಗ್ ಆಫ್ ಇರಲೇಬೇಕು. ಇಲ್ಲದಿದ್ದರೆ ‘ಎಲ್ಲಾ ಚೆನ್ನಾಗಿದೆ ಮೇಡಂ’ ಅನ್ನೋದು ಬಿಟ್ಟು ಬೇರೇನೂ ಬರಲ್ಲ.

ಹೆಚ್ಚು ಜನ ಬರೆದದ್ದು ಒಂದೇ ಮಾತು. ಹೆಸರು ನಾಲ್ಕು ಜನರದ್ದು, ಕೆಲಸ ಒಬ್ಬರದ್ದು, ಗ್ರೂಪ್ ವರ್ಕ್ ತೆಗೆದುಹಾಕಿ. ಇದೊಂದನ್ನೇ ಓದಿದ್ದರೆ ತೆಗೆದೇ ಹಾಕುತ್ತಿದ್ದೆನೇನೋ. ಮೂರನೇ ಪ್ರಶ್ನೆಯ ಉತ್ತರಗಳನ್ನು ಜೊತೆಗಿಟ್ಟು ಓದಿದೆ. ಎಲ್ಲರೂ ಸೇರುವ ಹೊತ್ತೇ ಸಿಗಲ್ಲ, ದುಡಿದವರಿಗೂ ದುಡಿಯದವರಿಗೂ ಒಂದೇ ಮಾರ್ಕ್ಸ್. ಸಿಟ್ಟೆಲ್ಲ ಈ ಎರಡರಿಂದ ಹುಟ್ಟಿತ್ತು.

ಹೊತ್ತಿನ ವಿಷಯ ಮೊದಲು. ಗ್ರೂಪ್ ಆಗಿದ್ದದ್ದು ರೋಲ್ ನಂಬರ್ ಪ್ರಕಾರ. ಒಂದು ಗ್ರೂಪಿನಲ್ಲಿ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿರುವ ಹುಡುಗನೊಬ್ಬ ಇದ್ದ. ಡಿಸೆಂಬರ್, ಜನವರಿಯಲ್ಲಿ ಹಣ್ಣು ಕೊಯ್ಲು ನಡೆಯುವಾಗ ಸಂಜೆ ಹಣ್ಣು ತೂಗಿ, ಆಳುಗಳ ಲೆಕ್ಕ ಬರೆದು ಮುಗಿಸೋದರಲ್ಲೇ ಕತ್ತಲಾಗುತ್ತದೆ. ಅವನ ಗ್ರೂಪಿನವರು ಗೂಗಲ್ ಮೀಟ್ ಇಡುತ್ತಿದ್ದದ್ದು ಸಂಜೆ ಆರಕ್ಕೆ! ಅವರ ಲೆಕ್ಕದಲ್ಲಿ ಅವನು ಸೋಮಾರಿ. ಈಗ ಗ್ರೂಪ್ ಮಾಡುವ ಮುಂಚೆ ಯಾರಿಗೆ ಯಾವ ಹೊತ್ತು ಬಿಡುವು ಅಂತ ಕೇಳುತ್ತೇನೆ. ಬೆಳಗ್ಗೆ ಆರರವರು ಒಂದು ಕಡೆ, ರಾತ್ರಿ ಒಂಬತ್ತರವರು ಇನ್ನೊಂದು ಕಡೆ. ಊರು, ಡಿಗ್ರಿ ಮಾರ್ಕ್ಸ್ ಯಾವುದನ್ನೂ ನೋಡಲ್ಲ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಕರೆಂಟ್ ಹೋದರೆ ಸುಮಾರು ಕಡೆ ಟವರೂ ಹೋಗುತ್ತದೆ. ಅದಕ್ಕೆ ಎರಡು ದಿನ ಹೆಚ್ಚಿಗೆ, ಯಾಕೆ ಏನು ಅಂತ ಕೇಳಲ್ಲ.

ಮಾರ್ಕ್ಸ್ ವಿಷಯ ಇಷ್ಟು ಸಲೀಸಲ್ಲ. ಯಾರು ಎಷ್ಟು ಕೆಲಸ ಮಾಡಿದರು ಅಂತ ಗೂಗಲ್ ಡಾಕ್ಸ್‌ನ ವರ್ಷನ್ ಹಿಸ್ಟರಿಯಲ್ಲಿ ನೋಡಿ ಅನ್ನುವವರು ಇದ್ದಾರೆ. ನಾನೂ ನೋಡಿದೆ. ಅಲ್ಲಿ ಕಾಣೋದು ಟೈಪ್ ಮಾಡಿದವರು ಮಾತ್ರ. ಆಲೂಗಡ್ಡೆ ಗ್ರೂಪಿನ ಒಬ್ಬಳು ಬೆಳಗ್ಗೆನೇ ಮಾರುಕಟ್ಟೆಗೆ ಹೋಗಿ, ದಲ್ಲಾಳಿಗಳನ್ನು ಮಾತಾಡಿಸಿ, ರೇಟು, ಕಮಿಷನ್ ಎಲ್ಲ ವಾಯ್ಸ್ ನೋಟಲ್ಲಿ ಕಳಿಸಿದ್ದಳು. ಡಾಕ್ಸ್‌ನಲ್ಲಿ ಅವಳ ಹೆಸರಲ್ಲಿ ಒಂದು ಸಾಲೂ ಇಲ್ಲ. ವರದಿಯ ಜೀವ ಇದ್ದದ್ದೇ ಅವಳು ತಂದ ಮಾಹಿತಿಯಲ್ಲಿ. ಆ ಹಿಸ್ಟರಿ ನಂಬಿ ಮಾರ್ಕ್ಸ್ ಹಾಕೋಕಾಗುತ್ತಾ?

ಹಾಗಾಗಿ ಪ್ರಾಜೆಕ್ಟಿನ 20 ಮಾರ್ಕ್ಸಲ್ಲಿ 14 ಗ್ರೂಪಿಗೆ, 6 ಒಬ್ಬೊಬ್ಬರಿಗೆ ಬೇರೆ ಬೇರೆ ಮಾಡಿದೆ. ಈ 6ಕ್ಕಾಗಿ ಪ್ರತಿಯೊಬ್ಬರೂ ತಮ್ಮನ್ನು ಬಿಟ್ಟು ಉಳಿದ ಮೂವರಿಗೆ 100 ಪಾಯಿಂಟ್ ಹಂಚಬೇಕು. ಅವರು ಏನು ಮಾಡಿದರು ಅಂತ ಒಬ್ಬೊಬ್ಬರ ಬಗ್ಗೆಯೂ ಒಂದು ವಾಕ್ಯ ಬರೆಯಬೇಕು. ಬರೀ ಪಾಯಿಂಟ್ ಕೇಳಿದರೆ ಸ್ನೇಹಕ್ಕೆ ಕಟ್ಟುಬಿದ್ದು ಸಮನಾಗಿ ಹಂಚಿಬಿಡುತ್ತಾರೆ. ವಾಕ್ಯ ಕೇಳಿದರೆ ಕೈ ತಡವರಿಸುತ್ತದೆ. ಕೊನೇ ತೀರ್ಮಾನ ನನ್ನದೇ.

ಇಷ್ಟನ್ನೂ ಎರಡು ಪುಟದಲ್ಲಿ ಬರೆದು ವಿದ್ಯಾರ್ಥಿಗಳಿಗೆ ಕಳಿಸಿದೆ. ನೆಟ್‌ವರ್ಕ್ ಸರಿ ಇಲ್ಲದವರಿಗೆ ಅದನ್ನೇ ವಾಯ್ಸ್ ನೋಟಲ್ಲಿ ಹೇಳಿದೆ. ಈ ವಾರವೇ ಬದಲಾಗುವುದು, ಪಠ್ಯಕ್ರಮ ತೀರ್ಮಾನಿಸುವ ಸಮಿತಿ ಬೋರ್ಡ್ ಆಫ್ ಸ್ಟಡೀಸ್ ಒಪ್ಪಿದರೆ ಮಾತ್ರ ಬದಲಾಗುವುದು, ಬದಲಾಗದೇ ಇರುವುದು ಅಂತ ಮೂರು ಭಾಗ. ಯಾರ ಮಾತನ್ನೂ ಅವರು ಬರೆದ ಹಾಗೇ ಹಾಕಲಿಲ್ಲ. ಚಿಕ್ಕ ಕ್ಲಾಸು, ಒಂದು ಸಾಲು ಓದಿದರೆ ಯಾರದು ಅಂತ ಗೊತ್ತಾಗಿಬಿಡುತ್ತದೆ.

ಮೂರನೇ ಭಾಗ ಬರೆಯೋಕೆ ಹಿಂಜರಿಯುವವರು ಜಾಸ್ತಿ. ನನಗೆ ಅದೇ ಮುಖ್ಯ ಅನ್ನಿಸುತ್ತದೆ. ನಮ್ಮ ಫ್ರೆಂಡ್ಸ್ ಜೊತೆ ನಾವೇ ಗ್ರೂಪ್ ಮಾಡ್ಕೋತೀವಿ ಅಂದಿದ್ದರು. ಆಗಲ್ಲ ಅಂದೆ, ಕಾರಣವನ್ನೂ ಬರೆದೆ. ಹಾಗೆ ಬಿಟ್ಟರೆ ಕೆಲಸಕ್ಕೆ ಹೋಗುವವರು, ದೂರದ ಊರಿನವರು ಯಾರಿಗೂ ಬೇಡವಾಗಿ ಉಳಿಯುತ್ತಾರೆ. ಆರೇಳು ಜನರ ಗ್ರೂಪ್ ಮಾಡಿ ಅಂದವರಿಗೆ ರಿಂಗಲ್‌ಮನ್ ಕಥೆ ಹೇಳಿದೆ. ಫ್ರಾನ್ಸಿನ ಈ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ನೋಡಿ, 1913ರಲ್ಲಿ ಅದನ್ನು ಪ್ರಕಟಿಸಿದ. ಜನ ಜಾಸ್ತಿ ಆದ ಹಾಗೆ ಒಬ್ಬೊಬ್ಬರು ಹಾಕುವ ಬಲ ಕಮ್ಮಿ ಆಗುತ್ತಾ ಹೋಯಿತು. ನಾಲ್ಕೇ ಸಾಕು.

ದೂರು ನಿಂತಿಲ್ಲ. ಗೆಳತಿ ಬಗ್ಗೆ ಏನಾದರೂ ಬರೆದರೆ ಬೇಜಾರು ಮಾಡ್ಕೋತಾಳೆ ಮೇಡಂ ಅಂತ ಈಗ ಹೊಸದೊಂದು ಬಂದಿದೆ. ಆ ವಾಕ್ಯಗಳು ನನಗೆ ಬಿಟ್ಟು ಯಾರಿಗೂ ಕಾಣಲ್ಲ ಅಂತ ಪಾಯಿಂಟ್ ಹಂಚುವ ಫಾರ್ಮ್‌ನ ಮೊದಲ ಸಾಲಿನಲ್ಲೇ ಸೇರಿಸಿದ್ದೇನೆ.