ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿದೆ: ಸಂಸಾರ ಸಮೇತ ಹೋಗಬೇಕೋ ಬೇಡವೋ, ಲೆಕ್ಕ ಹಾಕುವ ಬಗೆ

ಆಫರ್ ಲೆಟರ್ ಬಂದ ದಿನ ಮನೆಮಂದಿಯ ಕಣ್ಣೆಲ್ಲ ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಅಂಕಿಯ ಮೇಲೇ ಇರುತ್ತದೆ. ಸಂಸಾರ ಎತ್ತಿಕೊಂಡು ಹೋಗುವ ನಿರ್ಧಾರಕ್ಕೆ ಆ ಅಂಕಿ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ಮೊದಲು ನೋಡಬೇಕಾದ್ದು ಎರಡು: ಗಂಡ ಹೆಂಡತಿ ಇಬ್ಬರ ದುಡಿಮೆಯೂ ಸೇರಿ ತಿಂಗಳ ಕೊನೆಗೆ ಮನೆಯಲ್ಲಿ ಎಷ್ಟು ಉಳಿಯುತ್ತದೆ, ಮಕ್ಕಳು ಈಗ ಎಷ್ಟನೇ ಕ್ಲಾಸಿನಲ್ಲಿದ್ದಾರೆ. ಮಿಕ್ಕಿದ್ದನ್ನು ಹೇಗೋ ಹೊಂದಿಸಿಕೊಳ್ಳಬಹುದು.

ಲೆಕ್ಕಕ್ಕೆ ಹುಬ್ಬಳ್ಳಿಯ ಒಂದು ಸಂಸಾರ ಇಟ್ಟುಕೊಳ್ಳೋಣ. ಗಂಡನಿಗೆ ಕೈಗೆ ಬರುವುದು 68,000 ರೂಪಾಯಿ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, 24,000. ಮಗಳು 8ನೇ ತರಗತಿ, ಮಗ 3ನೇ ತರಗತಿ. ಮನೆ ಸ್ವಂತದ್ದು, ತಾಯಿಯ ಹೆಸರಿನಲ್ಲಿದೆ. ಜೊತೆಗಿರುವ ಆ ತಾಯಿಗೆ ಶುಗರ್. ಪುಣೆಯ ಹಿಂಜವಡಿಯ ಕಂಪನಿಯೊಂದು 16 ಲಕ್ಷದ ಆಫರ್ ಕೊಟ್ಟಿದೆ.

ಸಿಟಿಸಿಯನ್ನು ಬಿಡಿಸಿ ನೋಡಿ

16 ಲಕ್ಷದಲ್ಲಿ ಬೇಸಿಕ್ (ಮೂಲ ವೇತನ) 8 ಲಕ್ಷ, ವೇರಿಯಬಲ್ (ವರ್ಷದ ಸಾಧನೆ ನೋಡಿ ಕೊಡುವ ಭಾಗ) 10 ಪರ್ಸೆಂಟ್ ಎಂದುಕೊಳ್ಳಿ. ವೇರಿಯಬಲ್ 1,60,000 ಮೊದಲೇ ಬದಿಗಿಡಿ, ಅದು ತಿಂಗಳ ಸಂಬಳವಲ್ಲ. ಕಂಪನಿ ಕಟ್ಟುವ ಪಿಎಫ್ ಬೇಸಿಕ್‌ನ 12 ಪರ್ಸೆಂಟ್, ಅಂದರೆ 96,000. ಗ್ರಾಚ್ಯುಟಿಗೆಂದು (ಕೆಲಸ ಬಿಡುವಾಗ ಸೇವೆಯ ವರ್ಷ ನೋಡಿ ಕೊಡುವ ಹಣ) ಬೇಸಿಕ್‌ನ 4.81 ಪರ್ಸೆಂಟ್, 38,480. ಗುಂಪು ವಿಮೆಯ ಪ್ರೀಮಿಯಂ 20,000. ಇವೆಲ್ಲ ಕಳೆದರೆ ಉಳಿಯುವ ಗ್ರಾಸ್ 12,85,520. ಇದರಲ್ಲಿ ನಿಮ್ಮ ಪಾಲಿನ ಪಿಎಫ್ ಮತ್ತೆ 96,000, ವೃತ್ತಿ ತೆರಿಗೆ 2,500. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಆದಾಯ, ತೆರಿಗೆಯೇ ಬೀಳದ 12 ಲಕ್ಷದ ಗೆರೆಯನ್ನು ಸ್ವಲ್ಪವೇ ದಾಟುತ್ತದೆ. ಹೀಗೆ ಸ್ವಲ್ಪವೇ ದಾಟಿದಾಗ ತೆರಿಗೆ ಆ ದಾಟಿದ ಮೊತ್ತವನ್ನು ಮೀರದಂತೆ ರಿಯಾಯಿತಿ ಇರುವುದರಿಂದ ಸೆಸ್ ಸೇರಿ ಸುಮಾರು 11,000. ಕೊನೆಗೆ ತಿಂಗಳಿಗೆ ಕೈಗೆ ಬರುವುದು 98,000.

ವೇರಿಯಬಲ್ ಪೂರ್ತಿ ಬಂದ ವರ್ಷ ಇನ್ನೊಂದು ಆಟ ನಡೆಯುತ್ತದೆ. ಆದಾಯ ಗೆರೆಯಿಂದ ಬಹಳ ಮೇಲೆ ಹೋಗಿ ರಿಯಾಯಿತಿ ತಪ್ಪುತ್ತದೆ, ತೆರಿಗೆ 89,000ಕ್ಕೆ ಏರುತ್ತದೆ. 1,60,000ರಲ್ಲಿ ನಿಮಗೆ ನಿಜವಾಗಿ ದಕ್ಕುವುದು 82,000. ಎಚ್‌ಆರ್‌ ಅನ್ನು ಎರಡು ಪ್ರಶ್ನೆ ಕೇಳಿ: ಹಿಂದಿನ ಎರಡು ವರ್ಷ ನನ್ನ ದರ್ಜೆಯವರಿಗೆ ವೇರಿಯಬಲ್ ಎಷ್ಟು ಪರ್ಸೆಂಟ್ ಕೊಟ್ಟಿದ್ದೀರಿ? ನಡುವರ್ಷ ಸೇರಿದವರಿಗೆ ಕೊಡುತ್ತೀರಾ? ಉತ್ತರ ಹಾರಿಕೆಯದಾಗಿದ್ದರೆ ಅದನ್ನು ಸೊನ್ನೆ ಎಂದೇ ಹಿಡಿಯಿರಿ.

ಈಗ ಮನೆಯ ಲೆಕ್ಕ. ಹುಬ್ಬಳ್ಳಿಯಲ್ಲಿ ಇಬ್ಬರದೂ ಸೇರಿ 92,000, ಬಾಡಿಗೆ ಇಲ್ಲ. ಪುಣೆಗೆ ಹೋದರೆ 98,000ದ ಜೊತೆ ಹುಬ್ಬಳ್ಳಿ ಮನೆಯ ಬಾಡಿಗೆ 11,000 ಸೇರಿ 1,09,000. (ಮನೆ ತಾಯಿಯ ಹೆಸರಿನಲ್ಲಿರುವುದರಿಂದ ಆ ಬಾಡಿಗೆ ಅವರ ಆದಾಯ. ನಿಮ್ಮ ಹೆಸರಿನಲ್ಲಿದ್ದರೆ ನಿಮ್ಮ ತೆರಿಗೆಯೂ ಏರುತ್ತದೆ.) ಅದರಲ್ಲಿ ಮೇಂಟೆನೆನ್ಸ್ ಸೇರಿ ಬಾಡಿಗೆ 30,000, ಶಾಲೆ ಮತ್ತು ವ್ಯಾನಿಗೆ ಹೆಚ್ಚುವರಿ 9,000, ಊರಿಗೆ ಬಂದುಹೋಗುವ ಖರ್ಚು ತಿಂಗಳಿಗೆ ಸರಾಸರಿ 5,000 ಕಳೆಯಿರಿ. ಉಳಿಯುವುದು 65,000. ಅಂದರೆ 16 ಲಕ್ಷದ ಕೆಲಸಕ್ಕೆ ಹೋಗಿ ಮನೆಗೆ ತಿಂಗಳಿಗೆ 27,000 ಕಮ್ಮಿ! ಹೆಂಡತಿಗೆ ಅಲ್ಲಿ 30,000ದ ಕೆಲಸ ಸಿಕ್ಕರೆ 95,000 ಆಗುತ್ತದೆ, ಹೆಚ್ಚಳ ಬರೀ 3,000.

ಬಾಡಿಗೆ, ಫೀ ನಿಮ್ಮಲ್ಲಿ ಬೇರೆ ಇರಬಹುದು, ಲೆಕ್ಕದ ದಾರಿ ಇದೇ. ಹೆಚ್ಚಿನವರು ಎಡವುವುದು ಹೆಂಡತಿಯ ಸಂಬಳದ ಹತ್ತಿರ. ‘ಅಲ್ಲಿ ಹೋದಮೇಲೆ ಅವಳಿಗೂ ಏನಾದರೂ ಸಿಗುತ್ತದೆ’ ಎಂದು ತೇಲಿಸಿಬಿಡುತ್ತಾರೆ. ಶಾಲೆಗಳು ಟೀಚರುಗಳನ್ನು ತೆಗೆದುಕೊಳ್ಳುವುದು ಬಹುಮಟ್ಟಿಗೆ ಶೈಕ್ಷಣಿಕ ವರ್ಷ ಶುರುವಾಗುವ ಮುಂಚೆ. ಆಗಸ್ಟಿನಲ್ಲಿ ಹೋದವರು ಮುಂದಿನ ಮಾರ್ಚ್‌ವರೆಗೆ ಕಾಯಬೇಕಾಗಬಹುದು. ಅವರ ಅರ್ಜಿಗಳು ಆಫರಿಗೆ ಸಹಿ ಹಾಕುವ ಮುಂಚೆಯೇ ಹೋಗಲಿ. ಕನಿಷ್ಠ ಎರಡು ಕಡೆ ಸಂದರ್ಶನಕ್ಕಾದರೂ ಕರೆಯುತ್ತಾರಾ ನೋಡಿ.

ತಿರುಗಿ ಬಾರದ ದುಡ್ಡು

ಡೆಪಾಸಿಟ್ ಮುಂದೆ ವಾಪಸ್ ಬರುತ್ತದೆ, ಅದನ್ನು ಬೇರೆ ಬರೆದಿಡಿ. ಬ್ರೋಕರ್ ಕಮಿಷನ್, ಸಾಮಾನು ಸಾಗಣೆ, ಹೊಸ ಶಾಲೆಯ ಅಡ್ಮಿಷನ್ ಫೀ, ಯೂನಿಫಾರ್ಮು, ಪರದೆ, ನೋಟಿಸ್ ಅವಧಿ ಮುಗಿಸದಿದ್ದರೆ ಕಟ್ಟುವ ಹಣ, ಇವು ಹೋದವೆಂದರೆ ಹೋದವು. ಗ್ರಾಚ್ಯುಟಿಯನ್ನೂ ಇಲ್ಲೇ ನೋಡಿ. ಕಾಯಂ ನೌಕರರಿಗೆ ಅದು 5 ವರ್ಷದ ಸೇವೆಯ ಮೇಲೆ: ಕೊನೆಯ ಬೇಸಿಕ್ × 15 ÷ 26 × ವರ್ಷ. ಬೇಸಿಕ್ 35,000 ಇದ್ದವರಿಗೆ 5 ವರ್ಷಕ್ಕೆ ಒಂದು ಲಕ್ಷ. ನಾಲ್ಕಾರು ತಿಂಗಳಲ್ಲಿ ಐದು ತುಂಬುವಂತಿದ್ದರೆ ಸೇರುವ ದಿನವನ್ನು ಮುಂದೆ ಹಾಕಿಸಿಕೊಳ್ಳಿ, ಇಲ್ಲವೇ ಜಾಯಿನಿಂಗ್ ಬೋನಸ್ಸಿನಲ್ಲಿ ಭರ್ತಿ ಕೇಳಿ. ಆ ಬೋನಸ್ಸನ್ನೂ ‘ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು’ ಎಂಬ ಷರತ್ತಿನ ಮೇಲೆ ಕೊಡುವುದು ಸಾಮಾನ್ಯ.

ಈ ಮೊತ್ತವನ್ನು ತಿಂಗಳ ಹೆಚ್ಚಳದಿಂದ ಭಾಗಿಸಿ. ಹುಬ್ಬಳ್ಳಿಯ ಸಂಸಾರಕ್ಕೆ 2 ಲಕ್ಷ ಖರ್ಚಾದರೆ, 3,000ದ ಹೆಚ್ಚಳದಲ್ಲಿ ಅದು ತೀರಲು ಐದೂವರೆ ವರ್ಷ ಬೇಕು. ಎರಡು ವರ್ಷದೊಳಗೆ ತೀರದ ಲೆಕ್ಕವಾದರೆ ದುಡ್ಡಿನ ಕಾರಣಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ಕೆಲಸದ ಅನುಭವ, ಮುಂದಿನ ಹುದ್ದೆ ಇತ್ಯಾದಿ ಬೇರೆ ಗಟ್ಟಿ ಕಾರಣ ಬೇಕು.

ಮಕ್ಕಳ ಕ್ಲಾಸು, ಮುಂದಿನ ಸಿಇಟಿ

1ರಿಂದ 7ನೇ ತರಗತಿಯವರೆಗೆ ಶಾಲೆ ಬದಲಿಸುವುದು ಕಷ್ಟವಲ್ಲ. 8ರಲ್ಲಿ ಯೋಚಿಸಿ. 9 ಮುಗಿಸಿದವರನ್ನು, ಪಿಯುಸಿ ನಡುವಿನವರನ್ನು ಆದಷ್ಟು ಅಲುಗಾಡಿಸಬೇಡಿ. ಸಿಬಿಎಸ್‌ಇಯಲ್ಲಿ 10 ಮತ್ತು 12ಕ್ಕೆ ನೇರ ಪ್ರವೇಶ ಇಲ್ಲ. ತಂದೆತಾಯಿಯ ವರ್ಗಾವಣೆಯಂಥ ಕಾರಣಕ್ಕೆ, ದಾಖಲೆ ಕೊಟ್ಟು ಮಂಡಳಿಯ ಒಪ್ಪಿಗೆ ಪಡೆಯಬೇಕು. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಿಂದ ಎಲ್ಲ ಬೋರ್ಡಿನ ಶಾಲೆಗಳಲ್ಲೂ ಮರಾಠಿ ಕಡ್ಡಾಯ ವಿಷಯ. 3ನೇ ತರಗತಿಯ ಹುಡುಗ ಆರು ತಿಂಗಳಲ್ಲಿ ಮರಾಠಿ ಮಾತಾಡುತ್ತಾನೆ. 8ನೇ ತರಗತಿಯ ಹುಡುಗಿ ಅದನ್ನು ಬರೆದು ಪಾಸಾಗಬೇಕು. ಇಬ್ಬರದೂ ಒಂದೇ ಕಷ್ಟವಲ್ಲ.

ಬಹಳ ಮಂದಿ ತಡವಾಗಿ ಎಚ್ಚರಗೊಳ್ಳುವ ವಿಷಯ ಕರ್ನಾಟಕದ ಸಿಇಟಿ ಅರ್ಹತೆ. ಸರ್ಕಾರಿ ಕೋಟಾದ ಸೀಟಿಗೆ ಮುಖ್ಯ ಷರತ್ತು ಹೀಗಿದೆ: 1ನೇ ತರಗತಿಯಿಂದ ದ್ವಿತೀಯ ಪಿಯುಸಿ ಒಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ 10 ಅಥವಾ 12ನೇ ತರಗತಿಯನ್ನು ಇಲ್ಲೇ ಪಾಸಾಗಿರಬೇಕು. ಮಗಳು 7 ವರ್ಷ ಮುಗಿಸಿದ್ದಾಳೆ. ಪಿಯುಸಿಗೆ ಊರಿಗೆ ಮರಳಿದರೆ ದಾರಿ ಮುಚ್ಚುವುದಿಲ್ಲ. ಮಗನಿಗೆ ಆ 7 ವರ್ಷ ಆಗುವುದಿಲ್ಲ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದು, ಮಗ ಎರಡೂ ವರ್ಷದ ಪಿಯುಸಿ ಇಲ್ಲಿ ಓದಿದರೆ ಇನ್ನೊಂದು ಷರತ್ತಿನಡಿ ಅರ್ಜಿ ಹಾಕಬಹುದು. ಹೊರನಾಡು, ಗಡಿನಾಡು ಕನ್ನಡಿಗರಿಗೆ ಬೇರೆ ಷರತ್ತುಗಳಿವೆ. ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಕೈಪಿಡಿ ತೆಗೆದು ಅಕ್ಷರಶಃ ಓದಿ. ಬೀದರ, ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಹೋಗುವವರು 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರವನ್ನು ಊರು ಬಿಡುವ ಮುಂಚೆ ಮಾಡಿಸಿಟ್ಟುಕೊಳ್ಳುವುದು ಲೇಸು.

ಟಿಸಿ ಪಡೆಯುವಾಗ ಬಿಇಒ ಕಚೇರಿಯ ಮೇಲುಸಹಿ ಹಾಕಿಸಿಕೊಳ್ಳಿ, ಹೊರರಾಜ್ಯದ ಹಲವು ಶಾಲೆಗಳು ಕೇಳುತ್ತವೆ. ಸೀಟು ಖಾತ್ರಿಯಾಗದೆ ಟಿಸಿ ತೆಗೆಸಲೇಬೇಡಿ.

ಹಿರಿಯರು

ಈಗಿನ ಕಂಪನಿಯ ಗುಂಪು ಆರೋಗ್ಯ ವಿಮೆ ಕೆಲಸದ ಕೊನೆಯ ದಿನಕ್ಕೆ ಮುಗಿಯುತ್ತದೆ. ಹೊಸ ಕಂಪನಿಯದರಲ್ಲಿ ತಂದೆತಾಯಿ ಸೇರುತ್ತಾರಾ, ಅವರ ಪ್ರೀಮಿಯಂ ಯಾರು ಕಟ್ಟಬೇಕು, ಹಳೆಯ ಕಾಯಿಲೆಗೆ ಮೊದಲ ದಿನದಿಂದ ರಕ್ಷಣೆ ಇದೆಯಾ ಎಂದು ಬರಹದಲ್ಲಿ ಪಡೆಯಿರಿ. ಸ್ವಂತ ಪಾಲಿಸಿ ಹೊಸದಾಗಿ ಮಾಡಿಸಿದರೆ ಶುಗರಿನಂಥ ಹಳೆಯ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. ಕೆಲಸ ಬಿಡುವ ಮುಂಚೆಯೇ ಗುಂಪು ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಕೇಳಿ. ದುಡ್ಡಿನಾಚೆಗಿನ ಮಾತು: ಎಂಟನೇ ಮಹಡಿಯಲ್ಲಿ ಇಡೀ ದಿನ ಒಬ್ಬರೇ ಕೂರುವ ತಾಯಿಗೆ ಅದು ಸೆರೆವಾಸ. ಉತ್ತರ ಕರ್ನಾಟಕದವರ ಕಿವಿಗೆ ಮರಾಠಿ ಹೊಸದಲ್ಲ ಎನ್ನುವುದೊಂದು ಅನುಕೂಲ. ಅವರ ಅಭಿಪ್ರಾಯವನ್ನು ಮನೆ ಹುಡುಕುವ ಮುಂಚೆ ಕೇಳಿ, ಹುಡುಕಿದ ಮೇಲಲ್ಲ.

ಹೋಗಿ ನೋಡುವಾಗ

ಭಾನುವಾರ ಹೋದವರಿಗೆ ಎಲ್ಲ ಊರೂ ಚೆಂದವೇ. ಮಂಗಳವಾರವೋ ಬುಧವಾರವೋ ಹೋಗಿ, ಬೆಳಗ್ಗೆ ಎಂಟೂವರೆಗೆ ವಾಕಡ್ ಅಥವಾ ಬಾಣೇರಿನಿಂದ ಹೊರಟು ಹಿಂಜವಡಿಯ ಮೂರನೇ ಫೇಸ್ ತಲುಪಿ. ಸಂಜೆ ಆರಕ್ಕೆ ವಾಪಸ್ ಬನ್ನಿ. ಎರಡೂ ಹೊತ್ತಿನ ನಿಮಿಷ ಬರೆದಿಡಿ. ಮನೆ ನೋಡುವಾಗ ಬ್ರೋಕರನ್ನು ಬಿಟ್ಟು ಗೇಟಿನ ಸೆಕ್ಯುರಿಟಿಯವರನ್ನು ಕೇಳಿ: ಏಪ್ರಿಲ್, ಮೇನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ನೀರು ಬರುತ್ತದೆ? ಆ ಕಡೆಯ ಹಲವು ಸೊಸೈಟಿಗಳು ಬೇಸಿಗೆಯಲ್ಲಿ ಟ್ಯಾಂಕರ್ ನಂಬಿಯೇ ನಡೆಯುತ್ತವೆ, ಆ ಖರ್ಚು ಮೇಂಟೆನೆನ್ಸಿಗೆ ಬಂದು ಬೀಳುತ್ತದೆ. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರು ನೋಂದಣಿ ಆಗಲೇಬೇಕು. ಅದರಲ್ಲಿ ಲಾಕ್-ಇನ್ ಅವಧಿ (ಮನೆ ಬಿಡುವಂತಿಲ್ಲದ ಅವಧಿ) ಎಷ್ಟು ತಿಂಗಳು ಎಂದು ನೋಡಿ. ಕೆಲಸ ಹಿಡಿಸದೆ ಮೂರನೇ ತಿಂಗಳಿಗೆ ಮರಳಿದರೆ ಆ ಅವಧಿಯ ಉಳಿದಷ್ಟೂ ತಿಂಗಳ ಬಾಡಿಗೆ ತಲೆಗೆ ಬರುತ್ತದೆ.

ಒಪ್ಪುವುದಾದರೆ

ಸಾಗಣೆ ಬಿಲ್, ಮೊದಲ 15ರಿಂದ 30 ದಿನದ ವಸತಿ, ಕೆಲಸದ ಊರಿನ ಹೆಸರು, ವಾರಕ್ಕೆ ಎಷ್ಟು ದಿನ ಆಫೀಸು, ಇವೆಲ್ಲ ಲೆಟರಿನಲ್ಲೇ ಇರಲಿ. ‘ಮ್ಯಾನೇಜರ್ ನೋಡಿಕೊಳ್ಳುತ್ತಾರೆ’ ಎಂಬ ಫೋನಿನ ಮಾತು ಆ ಮ್ಯಾನೇಜರ್ ಬದಲಾಗುವವರೆಗೆ ಮಾತ್ರ. ಸಹಿ ಆದ ಆಫರ್ ಕೈಗೆ ಬಾರದೆ ರಾಜೀನಾಮೆ ಬೇಡ. ಪಿಎಫ್ ತೆಗೆಯದೆ ಅದೇ ಪಿಎಫ್ ಗುರುತಿನ ಸಂಖ್ಯೆ ಯುಎಎನ್‌ನಲ್ಲಿ ವರ್ಗಾಯಿಸಿ. 5 ವರ್ಷದೊಳಗೆ ತೆಗೆದರೆ ತೆರಿಗೆ ಬೀಳುತ್ತದೆ. ಕೆಎ ನಂಬರಿನ ಕಾರು ಬೇರೆ ರಾಜ್ಯದಲ್ಲಿ 12 ತಿಂಗಳು ದಾಟಿದರೆ ಮರುನೋಂದಣಿ ಆಗಬೇಕು. ಅದಕ್ಕೆ ಇಲ್ಲಿನ ಆರ್‌ಟಿಒ ಎನ್‌ಒಸಿ ಬೇಕು, ಅಲ್ಲಿನ ತೆರಿಗೆ ಕಟ್ಟಿ ಇಲ್ಲಿ ಉಳಿದದ್ದನ್ನು ವಾಪಸ್ ಕೇಳಬೇಕು. ಕಾರು ಹಳೆಯದಾದರೆ ಮಾರಿ ಹೋಗುವುದೇ ಸುಲಭ.

ಲೆಕ್ಕ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದಾದರೆ ಮೊದಲು ಒಬ್ಬರೇ ಹೋಗಿ, ಪ್ರೊಬೇಷನ್ ಮುಗಿಯುವವರೆಗೆ ಪಿಜಿಯಲ್ಲಿರಿ. ಹುಬ್ಬಳ್ಳಿಗೂ ಪುಣೆಗೂ ವಂದೇ ಭಾರತ್ ರೈಲಿದೆ, ರಾತ್ರಿ ಬಸ್ಸುಗಳಿವೆ. ಹದಿನೈದು ದಿನಕ್ಕೊಮ್ಮೆ ಬಂದುಹೋಗಬಹುದು. ಎರಡು ಮನೆಯ ಖರ್ಚು ತಿಂಗಳಿಗೆ 20,000 ಆಸುಪಾಸು ಬಂದೀತು, ಆದರೆ ಹೆಂಡತಿಯ ಸಂಬಳ, ಮಕ್ಕಳ ಶಾಲೆ ಎರಡೂ ಉಳಿಯುತ್ತವೆ. ಈ ವ್ಯವಸ್ಥೆಗೆ ಕೊನೆಯ ದಿನಾಂಕ ಹಾಕಿಕೊಳ್ಳಿ; ಮಾರ್ಚ್ ಒಳಗೆ ತೀರ್ಮಾನವಾದರೆ ಜೂನಿಗೆ ಶಾಲೆ ಸಿಗುತ್ತದೆ. ಎಲ್ಲರೂ ಹೋಗುವುದೇ ಆದರೆ ಊರಿನ ಮನೆಯನ್ನು 11 ತಿಂಗಳ ಕರಾರಿಗೆ ಮಾತ್ರ ಬಾಡಿಗೆ ಕೊಡಿ, ಮೊದಲ ವರ್ಷ ಮಾರುವ ಮಾತೇ ಬೇಡ.