ಬಡಾವಣೆಯಲ್ಲಿ ರಕ್ತದಾನ ಶಿಬಿರ ಮಾಡಬೇಕೇ? ಮೊದಲು ತಿಂಗಳು ನೋಡಿ

ಶಿವಮೊಗ್ಗದ ವಿನೋಬನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಗೆಳೆಯರೆಲ್ಲ ಸೇರಿ ಬಡಾವಣೆಯಲ್ಲಿ ರಕ್ತದಾನ ಶಿಬಿರ ಮಾಡುತ್ತಾ ಬಂದಿದ್ದೇವೆ. "ನಮ್ಮ ಏರಿಯಾದಲ್ಲೂ ಮಾಡಬೇಕು, ಹೇಗೆ?" ಅಂತ ಯಾರಾದರೂ ಕೇಳಿದರೆ, ಯಾವ ತಿಂಗಳಲ್ಲಿ ಮಾಡುತ್ತೀರಿ ಅಂತ ನಾನು ಮೊದಲು ಕೇಳುತ್ತೇನೆ.

ಹೆಚ್ಚಿನವರ ಮನಸ್ಸಲ್ಲಿರುವುದು ಆಗಸ್ಟ್ 15, ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವಾದ ಅಕ್ಟೋಬರ್ 1, ಇಲ್ಲಾಂದ್ರೆ ಯಾರದೋ ಹುಟ್ಟುಹಬ್ಬ. ಆ ದಿನಗಳಲ್ಲಿ ಊರ ತುಂಬ ಶಿಬಿರ ಇರುತ್ತವೆ. ಆದರೆ ರಕ್ತವನ್ನು ವರ್ಷಗಟ್ಟಲೆ ಕೂಡಿಡಲು ಆಗುವುದಿಲ್ಲ. ಕೆಂಪು ರಕ್ತಕಣ 35ರಿಂದ 42 ದಿನ ಇರುತ್ತದೆ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ಬರೀ 5 ದಿನ. ಏಪ್ರಿಲ್–ಮೇನಲ್ಲಿ ಕಾಲೇಜುಗಳಿಗೆ ಪರೀಕ್ಷೆ, ರಜೆ. ಕಾಲೇಜು ಶಿಬಿರಗಳು ನಿಂತುಹೋಗುತ್ತವೆ. ಅಪಘಾತ, ಹೆರಿಗೆ ನಿಲ್ಲುತ್ತವೆಯೇ? ಥಲಸ್ಸೇಮಿಯಾ (ಮೈಯಲ್ಲಿ ಸರಿಯಾಗಿ ರಕ್ತ ಆಗದ ಹುಟ್ಟುಕಾಯಿಲೆ) ಇರುವ ಮಕ್ಕಳಿಗೆ ಎರಡು–ಮೂರು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ಮಳೆ ಹಿಡಿದ ಮೇಲೆ ಡೆಂಗ್ಯೂ ಶುರುವಾಗುತ್ತದೆ, ಆಗ ಪ್ಲೇಟ್‌ಲೆಟ್‌ಗೆ ಓಡಾಟ. ಹಾಗಾಗಿ ವರ್ಷಕ್ಕೊಂದು ದೊಡ್ಡ ಶಿಬಿರ ಮಾಡಿ ದಾಖಲೆ ಅಂತ ಬ್ಯಾನರ್ ಹಾಕುವುದಕ್ಕಿಂತ, ಮೇ ತಿಂಗಳಲ್ಲೊಂದು, ಮಳೆಗಾಲದಲ್ಲೊಂದು ಸಣ್ಣ ಶಿಬಿರ ಮಾಡಿ. ಮೂವತ್ತು–ನಲವತ್ತು ಜನ ಬಂದರೂ ಸಾಕು.

ತಿಂಗಳು ಗೊತ್ತಾದ ಮೇಲೆ ಲೈಸೆನ್ಸ್ ಇರುವ ರಕ್ತನಿಧಿಯ ವೈದ್ಯಾಧಿಕಾರಿಗೆ ಪತ್ರ ಕೊಡಿ. ನಮ್ಮಲ್ಲಾದರೆ ಮೆಗ್ಗಾನ್ ಆಸ್ಪತ್ರೆಯ ರಕ್ತನಿಧಿ ಇದೆ. ಒಂದು ತಿಂಗಳು ಮುಂಚೆಯೇ ಹೋಗಿ. "ನಿಮಗೆ ಎಷ್ಟು ಯೂನಿಟ್ (ಒಬ್ಬರು ಕೊಡುವ ಒಂದು ಚೀಲ ರಕ್ತ) ಬೇಕು?" ಅಂತ ಅವರನ್ನೇ ಕೇಳಿ, ಅಷ್ಟಕ್ಕೆ ತಕ್ಕಂತೆ ಜನರಿಗೆ ಹೇಳಿ. ತಾರೀಖು ಪಕ್ಕಾ ಮಾಡುವ ಮೊದಲು ಕ್ಯಾಲೆಂಡರ್ ನೋಡಿ. ಶಿವರಾತ್ರಿ, ಏಕಾದಶಿ ಬೇಡ. ರಂಜಾನ್ ಉಪವಾಸದ ತಿಂಗಳೂ ಬೇಡ. ಹೊಟ್ಟೆ ಖಾಲಿ ಇದ್ದವರಿಂದ ರಕ್ತ ತೆಗೆದುಕೊಳ್ಳುವ ಹಾಗಿಲ್ಲ. ಭಾನುವಾರ ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಹನ್ನೆರಡೂವರೆ ಒಳ್ಳೆಯ ಹೊತ್ತು. ತಿಂಡಿ ತಿಂದುಕೊಂಡು ಬರುತ್ತಾರೆ, ಬೇಗ ಬಂದವರಿಗೆ ಬಿಸಿಲೂ ಏರಿರುವುದಿಲ್ಲ.

ಜಾಗ ನೆಲಮಹಡಿಯಲ್ಲೇ ಇರಲಿ. ರಕ್ತ ಕೊಟ್ಟವರು ಮೆಟ್ಟಿಲು ಇಳಿಯುವಂತಾಗಬಾರದು. ಗಾಳಿ, ಬೆಳಕು, ಫ್ಯಾನ್, ಶೌಚಾಲಯ, ಕುಡಿಯುವ ನೀರು ಬೇಕು. ಸಮುದಾಯ ಭವನ, ಶಾಲೆಯ ಹಾಲ್ ಸಾಕಾಗುತ್ತದೆ. ವೇದಿಕೆ ಕಾರ್ಯಕ್ರಮ ಬಿಟ್ಟುಬಿಡಿ. ಭಾಷಣ ಮುಗಿಯಲಿ ಅಂತ ದಾನಿಗಳನ್ನು ಕೂರಿಸುವುದು ನನಗೆ ಸರಿ ಕಾಣುವುದಿಲ್ಲ.

ಯಾರು ಕೊಡಬಹುದು ಅಂತ ಮೊದಲೇ ಚೀಟಿ ಮಾಡಿ ಹಂಚಿ: 18ರಿಂದ 65 ವರ್ಷ, ಕನಿಷ್ಠ 45 ಕೆ.ಜಿ. ತೂಕ, ಹಿಮೋಗ್ಲೋಬಿನ್ (ರಕ್ತದಲ್ಲಿ ಆಮ್ಲಜನಕ ಹೊರುವ, ಕಬ್ಬಿಣ ಇರುವ ಅಂಶ) 100 ಮಿ.ಲೀ. ರಕ್ತಕ್ಕೆ ಕನಿಷ್ಠ 12.5 ಗ್ರಾಂ. ಗಂಡಸರಾದರೆ ಹಿಂದಿನ ಸಲ ಕೊಟ್ಟು 90 ದಿನ, ಹೆಂಗಸರಾದರೆ 120 ದಿನ ಆಗಿರಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಇನ್ಸುಲಿನ್ ತೆಗೆದುಕೊಳ್ಳುವವರು ಬೇಡ. ಉಳಿದದ್ದನ್ನು ಡಾಕ್ಟರ್ ನೋಡುತ್ತಾರೆ.

ಈ 12.5 ಇದೆಯಲ್ಲ, ಶಿಬಿರದಲ್ಲಿ ಮನಸ್ಸು ನೋಯುವುದು ಅಲ್ಲೇ. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ದ್ರಾವಣಕ್ಕೆ ಬಿಡುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುತ್ತೇವಲ್ಲ, ಅದೇ ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು ಅದು. ಹನಿ ಸರ್ರನೆ ತಳಕ್ಕಿಳಿದರೆ ಹಿಮೋಗ್ಲೋಬಿನ್ ಸಾಕಷ್ಟಿದೆ ಅಂತ. ಮೇಲೇ ತೇಲಿದರೆ, ನಡುವೆ ನಿಂತರೆ, ಇವತ್ತು ಬೇಡ. (ಕೆಲವು ಕಡೆ ಪುಟ್ಟ ಮಶಿನ್ ಇರುತ್ತದೆ.) ಹೀಗೆ ವಾಪಸ್ ಹೋಗುವವರಲ್ಲಿ ಹೆಂಗಸರೇ ಜಾಸ್ತಿ. ಅಡುಗೆ ಮುಗಿಸಿ, ಧೈರ್ಯ ಮಾಡಿ, ನೆರೆಮನೆಯವರನ್ನೂ ಕರೆದುಕೊಂಡು ಬಂದ ಅಕ್ಕನಿಗೆ "ಆಗಲ್ಲಮ್ಮ" ಅಂದರೆ ಮುಖ ಸಣ್ಣದಾಗುತ್ತದೆ. ಅದಕ್ಕೆ ಎರಡು ತಿಂಗಳು ಮೊದಲೇ ಮಹಿಳಾ ಸಂಘದವರ ಹತ್ತಿರ ಮಾತಾಡಿ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಲಿ. ಕಮ್ಮಿ ಇದ್ದರೆ ಡಾಕ್ಟರು ಹೇಳಿದ ಮಾತ್ರೆ ತೆಗೆದುಕೊಳ್ಳಲಿ, ಹುರುಳಿ, ಸೊಪ್ಪು ಜಾಸ್ತಿ ತಿನ್ನಲಿ, ಊಟದ ಬೆನ್ನಿಗೇ ಕಾಫಿ, ಟೀ ಕುಡಿಯುವುದು ಬಿಡಲಿ. ಶಿಬಿರಕ್ಕಿಂತ ಈ ಕೆಲಸವೇ ದೊಡ್ಡದು ಅಂತ ನನಗನಿಸುತ್ತದೆ. ರಕ್ತ ಕೊಡಲಿ, ಬಿಡಲಿ, ಆ ಅಕ್ಕನ ಸುಸ್ತಿಗೆ ಕಾರಣ ಗೊತ್ತಾಯಿತಲ್ಲ.

ಯಾರನ್ನೇ ವಾಪಸ್ ಕಳಿಸಿದರೂ "ಯಾಕಂತೆ?" ಅಂತ ಕೇಳಬೇಡಿ, ಕೇಳಲು ಬಿಡಲೂಬೇಡಿ. ಫಾರಂನಲ್ಲಿ ಬರೆದದ್ದು ದಾನಿ ಮತ್ತು ಡಾಕ್ಟರ ನಡುವೆ ಇರಬೇಕು. ಅವರಿಗೂ ಮಜ್ಜಿಗೆ, ಬಾಳೆಹಣ್ಣು ಕೊಟ್ಟೇ ಕಳಿಸಿ.

ರಕ್ತ ತೆಗೆಯುವುದಕ್ಕೆ ಹತ್ತು ನಿಮಿಷವೂ ಬೇಡ. ಸಾಮಾನ್ಯವಾಗಿ 350 ಮಿ.ಲೀ. ತೆಗೆಯುತ್ತಾರೆ. ಆಮೇಲಿನ ಹೊತ್ತಿಗೆ ನಿಮ್ಮ ಹುಡುಗರು ಬೇಕು. ದಾನಿಯನ್ನು ತಕ್ಷಣ ಏಳಿಸಬೇಡಿ. ಜ್ಯೂಸ್ ಕುಡಿಸಿ, ಸ್ವಲ್ಪ ಹೊತ್ತು ಕೂರಿಸಿ. ತಲೆ ತಿರುಗಿದರೆ ಮಲಗಿಸಿ, ಕಾಲು ಎತ್ತರಕ್ಕೆ ಇಡಿ, ಸಿಸ್ಟರ್‌ನ ಕರೆಯಿರಿ. ದಾನಿಗೆ ಹಣ ಕೊಟ್ಟು ರಕ್ತ ಪಡೆಯುವುದು 1998ರ ಜನವರಿ 1ರಿಂದಲೇ ನಮ್ಮ ದೇಶದಲ್ಲಿ ನಿಷೇಧ. ದೊಡ್ಡ ಉಡುಗೊರೆಯ ಆಸೆ ತೋರಿಸುವುದೂ ಬೇಡ. ಉಡುಗೊರೆಗಾಗಿ ಬಂದವರು ಕಾಯಿಲೆ ಮುಚ್ಚಿಡುವ ಸಾಧ್ಯತೆ ಇರುತ್ತದೆ. ಪ್ರಮಾಣಪತ್ರ, ದಾನಿಯ ಕಾರ್ಡ್ ಸಾಕು.

ನೆಗೆಟಿವ್ ರಕ್ತದ ಗುಂಪಿನವರನ್ನೆಲ್ಲ (ಓ ನೆಗೆಟಿವ್, ಎ ನೆಗೆಟಿವ್ ಥರದವರು) ಒಂದೇ ದಿನ ಕರೆಯಬೇಡಿ. ನಮ್ಮಲ್ಲಿ ಅವರು ಅಪರೂಪ. ಎಲ್ಲರೂ ಒಟ್ಟಿಗೆ ಕೊಟ್ಟುಬಿಟ್ಟರೆ ಮೂರು ತಿಂಗಳು ತುರ್ತಿಗೆ ಯಾರೂ ಸಿಗುವುದಿಲ್ಲ. ಅವರ ಪಟ್ಟಿ ಬೇರೆ ಮಾಡಿ, ರಕ್ತನಿಧಿಯವರು ಕೇಳಿದಾಗ ಒಬ್ಬೊಬ್ಬರನ್ನೇ ಕರೆಯಿರಿ. ಪಟ್ಟಿಯಲ್ಲಿ ಹೆಸರು, ಗುಂಪು, ಕೊಟ್ಟ ತಾರೀಖು, ಮತ್ತೆ ಕೊಡಬಹುದಾದ ತಾರೀಖು ಇರಲಿ. ಅದನ್ನು ವಾಟ್ಸಾಪ್ ಗ್ರೂಪ್‌ಗೆ ಹಾಕಬೇಡಿ, ಒಬ್ಬರ ಹತ್ತಿರ ಇಟ್ಟುಕೊಳ್ಳಿ. ನಮ್ಮ ಪಟ್ಟಿ ಅಂಗಡಿಯ ನೋಟ್‌ಬುಕ್ಕಿನಲ್ಲಿದೆ. ದಿನ ತುಂಬಿದವರಿಗೆ ನಾನೇ ಫೋನ್ ಮಾಡುತ್ತೇನೆ. ಮೆಸೇಜ್‌ಗಿಂತ ಫೋನಿಗೆ ಜಾಸ್ತಿ ಜನ ಬರುತ್ತಾರೆ.